ಲೋಹದ ಪಂಚಾಂಗ

ಹಳೆಯ ಕಾರಿನ ಎಂಜಿನ್ನು ಇನ್ನೊಮ್ಮೆ ಬೋರಿಂಗ್ ಮಾಡಿಸುವುದಕ್ಕೂ ಒದಗದಷ್ಟು ಸವೆದುಹೋದಾಗ, ಹೊಸದನ್ನು ಕೊಳ್ಳುವ ಮಾರ್ಗವೇ ಇಲ್ಲದಿರುವುದರಿಂದ, ಮತ್ತೊಂದು ಹಳೆಯ ಎಂಜಿನ್ನನ್ನೇ ತಂದು ಆ ಸ್ಥಾನದಲ್ಲಿ ಕೂರಿಸುವ ಪದ್ಧತಿ ನಮ್ಮಲ್ಲಿ ಬಹುಕಾಲದಿಂದ ರೂಢಿಯಲ್ಲಿದೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಾಗಲಿ, ಶಿವಾಜಿನಗರದ ಗುಜರಿಗಳಲ್ಲಾಗಲಿ, ಇಂಥ ಎಂಜಿನ್ನಿಗೆ ಬೆಲೆ ಕಟ್ಟುವವರನ್ನು ನೋಡಿರಿ: ಬ್ಲಾಕಿನಲ್ಲಿ ಬಿರುಕುಂಟೇ ಎಂದು ತಡವುತ್ತಾರೆ, ಸಿಲಿಂಡರಿನ ಬಾಯಿಯಲ್ಲಿ ಬೆರಳಾಡಿಸಿ ಏಣು ಕಟ್ಟಿದೆಯೇ ಎಂದು ಪರೀಕ್ಷಿಸುತ್ತಾರೆ, ಕ್ರ್ಯಾಂಕನ್ನು ತಿರುಗಿಸಿ ಕಿವಿಗೊಡುತ್ತಾರೆ, ಎಂಜಿನ್ ಸಂಖ್ಯೆ ನೋಂದಣಿ ಪತ್ರಕ್ಕೆ ಏರಬೇಕಾದುದರಿಂದ ಕಾಗದಗಳನ್ನೂ ಕೇಳುತ್ತಾರೆ, ಆದರೆ ಬ್ಲಾಕಿನ ಒಂದು ಮಗ್ಗುಲಲ್ಲಿ ಎಣ್ಣೆಯಲ್ಲಿ ತೊಯ್ದು ಮಲಗಿರುವ ಕ್ಯಾಮ್‌ಶಾಫ್ಟಿನ ಗೋಜಿಗೆ ಹೋಗುವವರು ವಿರಳ. ಹೋದವರಲ್ಲಿಯೂ ಹಲವರು, ಹೇಗಿದ್ದರೂ ಎಂಜಿನ್ ಬಿಚ್ಚಿದೆಯಲ್ಲ ಎಂಬ ಉತ್ಸಾಹದಲ್ಲಿ, ಎಲ್ಲಿಂದಲೋ ಒಂದು ‘ರೇಸಿಂಗ್ ಕ್ಯಾಮ್’ ತರಿಸಿ ಹಾಕಿಸಿ, ಮುದಿ ಎತ್ತಿಗೆ ಕುದುರೆಯ ಲಾಳ ಹೊಡೆಸಿದವರಂತೆ ಸಂತೋಷಪಡುತ್ತಾರೆ. ಈ ಉಪೇಕ್ಷೆಯನ್ನೂ ಈ ವ್ಯಾಮೋಹವನ್ನೂ ಒಟ್ಟಿಗೆ ಪರಿಶೀಲಿಸುವುದು ನನ್ನ ಉದ್ದೇಶ.

ನಾನು ಬಲ್ಲ ಕಾರು ಅಂಬಾಸಿಡರ್. ಮಾರಿಸ್ ಆಕ್ಸ್‌ಫರ್ಡಿನ ಮೂರನೆಯ ಸರಣಿಯ ಅಚ್ಚಿನಲ್ಲಿ, ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ, ಹಿಂದೂಸ್ತಾನ್ ಮೋಟರ್ಸ್ ಸಂಸ್ಥೆ 1957ರ ಸುಮಾರಿಗೆ ಆರಂಭಿಸಿದ ಈ ಕಾರಿನ ತಯಾರಿಕೆ 2014ರಲ್ಲಿ ನಿಂತಿತು. ಮೊದಲಿಗೆ ಅದಕ್ಕಿದ್ದ 1476 ಸಿ.ಸಿ.ಯ ಎಂಜಿನ್ ಬೇಗನೆ ಹಿಂದೆ ಸರಿದು, ಬ್ರಿಟಿಷ್ ಮೋಟರ್ ಕಾರ್ಪೊರೇಷನ್ನಿನ ಬಿ-ಸರಣಿಗೆ ಸೇರಿದ 1489 ಸಿ.ಸಿ.ಯ ಎಂಜಿನ್ ಬಂದು, ದಶಕಗಟ್ಟಲೆ ಹೆಚ್ಚಿನ ಬದಲಾವಣೆಯಿಲ್ಲದೆ ಉಳಿಯಿತು. ಈ ದೀರ್ಘಾಯುಷ್ಯದ ಫಲವಾಗಿಯೇ ಇಂದಿಗೂ ಒಂದು ಅಂಬಾಸಿಡರಿನ ಎಂಜಿನ್ ಇನ್ನೊಂದಕ್ಕೆ ಹೊಂದುತ್ತದೆ. ಹೊಂದುತ್ತದೆ ಎಂಬ ಈ ಸೌಲಭ್ಯವೇ ಅದರೊಳಗಿನ ಕ್ಯಾಮಿನ ವಿಷಯದಲ್ಲಿ ನಮ್ಮನ್ನು ಅಜಾಗರೂಕರನ್ನಾಗಿಯೂ ಮಾಡಿದೆ.

ಕ್ಯಾಮ್‌ಶಾಫ್ಟೆಂಬುದು ಎಂಜಿನ್ನಿನ ಪಂಚಾಂಗ. ಯಾವ ವಾಲ್ವು ಯಾವ ಮುಹೂರ್ತಕ್ಕೆ ತೆರೆಯಬೇಕು, ಎಷ್ಟು ತೆರೆಯಬೇಕು, ಎಷ್ಟು ಹೊತ್ತು ತೆರೆದಿರಬೇಕು ಎಂಬುದನ್ನೆಲ್ಲ ಅದರ ಉಬ್ಬುಗಳು ಲೋಹದಲ್ಲಿ ಬರೆದಿಟ್ಟುಕೊಂಡಿವೆ. ಕ್ರ್ಯಾಂಕು ಎರಡು ಸುತ್ತು ಬರುವಷ್ಟರಲ್ಲಿ ಇದು ಒಂದು ಸುತ್ತು ಬರುತ್ತದೆ. ಉಬ್ಬು ಟ್ಯಾಪೆಟ್ಟನ್ನೂ, ಟ್ಯಾಪೆಟ್ಟು ಪುಶ್‌ರಾಡನ್ನೂ, ಪುಶ್‌ರಾಡು ರಾಕರನ್ನೂ, ರಾಕರು ಕಡೆಗೆ ವಾಲ್ವನ್ನೂ ನೂಕುತ್ತದೆ. ಹೊಗೆ ಹೋಗುವ ವಾಲ್ವು ಇನ್ನೂ ಮುಚ್ಚದೆ, ಗಾಳಿ ಬರುವ ವಾಲ್ವು ಆಗಲೇ ತೆರೆದಿರುವ ಒಂದು ಸಂಧಿಕಾಲವೂ ಈ ಪಂಚಾಂಗದಲ್ಲುಂಟು. ಎಂಜಿನ್ನಿನ ಸ್ವಭಾವವೆಲ್ಲ ಬಹುಮಟ್ಟಿಗೆ ಆ ಸಂಧಿಕಾಲದ ದೈರ್ಘ್ಯದಲ್ಲಿಯೂ, ಗಾಳಿವಾಲ್ವು ಮುಚ್ಚುವ ಮುಹೂರ್ತದಲ್ಲಿಯೂ ಅಡಗಿದೆ.

ಈ ಎರಡನೆಯ ಮಾತನ್ನು ಸ್ವಲ್ಪ ನಿಧಾನವಾಗಿ ವಿಚಾರಿಸಬೇಕು. ಏಕೆಂದರೆ ಆಯ್ಕೆಯ ದೋಷಗಳೆಲ್ಲ ಹುಟ್ಟುವುದು ಇಲ್ಲಿಯೇ. ಪಿಸ್ಟನ್ ಕೆಳತುದಿಯನ್ನು ಮುಟ್ಟಿದೊಡನೆ ಗಾಳಿವಾಲ್ವು ಮುಚ್ಚಿಬಿಡುವುದೆಂದು ಸಾಮಾನ್ಯರು ತಿಳಿಯುತ್ತಾರೆ. ವಾಸ್ತವದಲ್ಲಿ ಪಿಸ್ಟನ್ ಮತ್ತೆ ಮೇಲೇರತೊಡಗಿದ ಮೇಲೂ ಅದು ಕೆಲಕಾಲ ತೆರೆದೇ ಇರುತ್ತದೆ. ಎಂಜಿನ್ ವೇಗವಾಗಿ ತಿರುಗುತ್ತಿದ್ದರೆ, ಒಳನುಗ್ಗುತ್ತಿರುವ ಗಾಳಿ-ಪೆಟ್ರೋಲಿನ ಮಿಶ್ರಣ ತನ್ನ ವೇಗದ ಬಲದಿಂದಲೇ, ಮೇಲೇರುತ್ತಿರುವ ಪಿಸ್ಟನ್ನನ್ನು ಲಕ್ಷಿಸದೆ, ಇನ್ನಷ್ಟು ತುಂಬಿಕೊಳ್ಳುತ್ತದೆ. ತಡವಾಗಿ ಮುಚ್ಚುವ ಕ್ಯಾಮಿನ ಲಾಭವೆಲ್ಲ ಅಲ್ಲಿದೆ. ಆದರೆ ಎಂಜಿನ್ ಮೆಲ್ಲಗೆ ತಿರುಗುವಾಗ ಆ ವೇಗವಿಲ್ಲ, ಬಲವೂ ಇಲ್ಲ. ಒಳಗೆ ಬಂದ ಮಿಶ್ರಣದ ಒಂದು ಪಾಲನ್ನು ಪಿಸ್ಟನ್ ಬಂದ ದಾರಿಯಲ್ಲಿಯೇ ಹಿಂದಕ್ಕೆ ನೂಕಿಬಿಡುತ್ತದೆ. ಉಳಿದಷ್ಟನ್ನೇ ಒತ್ತುವುದರಿಂದ, ಕೈಪಿಡಿಯಲ್ಲಿ ಬರೆದ ಕಂಪ್ರೆಷನ್ ಅನುಪಾತ ಸಿಲಿಂಡರಿನೊಳಗೆ ಸಿದ್ಧಿಸುವುದೇ ಇಲ್ಲ. ಬಿ-ಸರಣಿಯ 1489 ಸಿ.ಸಿ. ಎಂಜಿನ್ನುಗಳಲ್ಲಿ 7.2ರ ಕಡಿಮೆ ಕಂಪ್ರೆಷನ್ನಿನವೂ 8.3ರ ಹೆಚ್ಚು ಕಂಪ್ರೆಷನ್ನಿನವೂ ಇದ್ದವು. ಮೊದಲೇ 7.2ರಷ್ಟು ಬಡವಾದ, ಅದರ ಮೇಲೆ ರಿಂಗುಗಳು ಸವೆದು ಇನ್ನಷ್ಟು ಸೋರುವ ಹಳೆಯ ಎಂಜಿನ್ನಿಗೆ ತಡವಾಗಿ ಮುಚ್ಚುವ ಕ್ಯಾಮನ್ನು ಕೊಟ್ಟರೆ, ಇದ್ದ ಅಲ್ಪ ಬಂಡವಾಳವನ್ನೂ ಸೋರುವ ಚೀಲದಲ್ಲಿ ಹಾಕಿದಂತಾಗುತ್ತದೆ. ಪೇಟೆಯ ದಟ್ಟಣೆಯಲ್ಲಿ ಕಾರು ತಡವರಿಸುತ್ತದೆ, ಐಡ್ಲಿಂಗಿನಲ್ಲಿ ಕುಣಿಯುತ್ತದೆ, ಸಂಧಿಕಾಲ ದೀರ್ಘವಾದುದರಿಂದ ಮ್ಯಾನಿಫೋಲ್ಡಿನ ನಿರ್ವಾತ ಕುಗ್ಗಿ, ಬ್ರೇಕಿಗೆ ಸರ್ವೋ ಇರುವ ಕಾರಾದರೆ ಕಾಲಿನ ಕೆಳಗೆ ಪೆಡಲೇ ಗಟ್ಟಿಯಾಗುತ್ತದೆ. ಈ ನಷ್ಟಗಳಿಗೆ ಪ್ರತಿಯಾಗಿ ದೊರಕುವ ಲಾಭವಾದರೋ, ಅಂಬಾಸಿಡರಿನ ಒಡೆಯನು ವರ್ಷಕ್ಕೊಮ್ಮೆಯೂ ಮುಟ್ಟದ ವೇಗದಲ್ಲಿ.

ವ್ಯಾಮೋಹಿಗಳು ಇಲ್ಲಿ ಒಂದು ದೃಷ್ಟಾಂತವನ್ನು ಮುಂದೊಡ್ಡುವುದುಂಟು. ಇದೇ 1489 ಸಿ.ಸಿ.ಯ ಬಿ-ಸರಣಿಯ ಎಂಜಿನ್ 1955ರ ಎಂಜಿಎ ಎಂಬ ಆಂಗ್ಲ ಕ್ರೀಡಾ ಕಾರಿನಲ್ಲಿ ಸುಮಾರು 70 ಅಶ್ವಶಕ್ತಿಯನ್ನು ಕೊಡುತ್ತಿದ್ದುದೂ, ಅಂಬಾಸಿಡರಿನಲ್ಲಿ 50ರ ಆಸುಪಾಸಿನಲ್ಲಿಯೇ ನಿಂತುದೂ ನಿಜ. ಆದುದರಿಂದ ಕ್ಯಾಮನ್ನು ಬದಲಿಸಿದರೆ ಆ 20 ಅಶ್ವಗಳು ನಮ್ಮ ಲಾಯಕ್ಕೂ ಬರುತ್ತವೆಂಬುದು ಅವರ ತರ್ಕ. ಈ ತರ್ಕದಲ್ಲಿ ಎಂಜಿಎಗೆ ಎರಡು ಕಾರ್ಬುರೇಟರುಗಳಿದ್ದುದು ಮರೆತುಹೋಗಿದೆ, ಕಂಪ್ರೆಷನ್ ಹೆಚ್ಚಿದ್ದುದು ಮರೆತುಹೋಗಿದೆ, ಇಬ್ಬರೇ ಕೂರುವ ಆ ಕಾರು ನಮ್ಮ ಕಾರಿಗಿಂತ ಎಷ್ಟೋ ಹಗುರವಾಗಿದ್ದುದೂ ಮರೆತುಹೋಗಿದೆ. ಎಂಜಿಎಯ ಉತ್ತರಾಧಿಕಾರಿಯಾಗಿ 1962ರಲ್ಲಿ ಬಂದ 1798 ಸಿ.ಸಿ.ಯ ಎಂಜಿಬಿಯ ಲೆಕ್ಕವನ್ನೇ ತೆಗೆದುಕೊಳ್ಳೋಣ: ಅದರ ಗಾಳಿವಾಲ್ವು ಮೇಲ್ತುದಿಗೆ 16 ಡಿಗ್ರಿ ಮೊದಲೇ ತೆರೆದು ಕೆಳತುದಿಯ ಆಚೆ 56 ಡಿಗ್ರಿಗೆ ಮುಚ್ಚುತ್ತಿತ್ತು, ಹೊಗೆವಾಲ್ವು ಕೆಳತುದಿಗೆ 51 ಡಿಗ್ರಿ ಮೊದಲು ತೆರೆದು ಮೇಲ್ತುದಿಯ ಆಚೆ 21 ಡಿಗ್ರಿಗೆ ಮುಚ್ಚುತ್ತಿತ್ತು. ಅಂದರೆ ಒಟ್ಟು ತೆರವು 252 ಡಿಗ್ರಿ, ಸಂಧಿಕಾಲ 37 ಡಿಗ್ರಿ. ಕಾರ್ಖಾನೆಯವರು ತಮ್ಮ ಕ್ರೀಡಾ ಕಾರಿಗೇ ಇಷ್ಟು ಸೌಮ್ಯವಾದ ಕ್ಯಾಮನ್ನು ಸಾಕೆಂದು ಬಗೆದಿದ್ದಾಗ, ಮದುವೆಮನೆಗೆ ಏಳು ಜನರನ್ನು ಹೊತ್ತೊಯ್ಯುವ ನಮ್ಮ ವಾಹನಕ್ಕೆ 280, 290 ಡಿಗ್ರಿಗಳ ಕ್ಯಾಮನ್ನು ಆಶಿಸುವುದು ಎಂಥ ಔಚಿತ್ಯ? ಅಷ್ಟೇ ಅಲ್ಲ, ಅಂಥ ಕ್ಯಾಮ್ ತನ್ನ ಫಲವನ್ನು ತೋರಬೇಕಾದರೆ ಎಂಜಿನ್ನು 5000, 6000 ಸುತ್ತುಗಳವರೆಗೆ ಏರಬೇಕು, 1489 ಸಿ.ಸಿ.ಯ ಈ ಬ್ಲಾಕಿನಲ್ಲಿ ಕ್ರ್ಯಾಂಕನ್ನು ಹಿಡಿದಿರುವ ಮುಖ್ಯ ಬೇರಿಂಗುಗಳು ಮೂರೇ ಮೂರು. ಎಂಜಿಬಿಗೇ 1964ರಲ್ಲಿ ಐದು ಬೇರಿಂಗುಗಳನ್ನು ಕೊಟ್ಟರೆಂಬುದನ್ನು ಗಮನಿಸಿದರೆ, ಯಾರ್ಯಾರ ಕೈಯಲ್ಲೋ ಎಷ್ಟೆಷ್ಟೋ ಸಾವಿರ ಮೈಲಿ ದುಡಿದು ಬಂದ ಎಂಜಿನ್ನನ್ನು ಆ ಎತ್ತರಕ್ಕೆ ಏರಿಸುವುದು ಧೈರ್ಯವೂ ಅಲ್ಲ, ದಯೆಯೂ ಅಲ್ಲ. ವೇಗವೇ ಬೇಕೆನ್ನುವವರಿಗೆ, 1990ರ ದಶಕದಲ್ಲಿ ಕಂಪನಿಯೇ ಅಂಬಾಸಿಡರಿನಲ್ಲಿ ಕೂರಿಸಿದ 1817 ಸಿ.ಸಿ.ಯ ಇಸುಜು ಎಂಜಿನ್ನಿನ ದಾರಿ ಇದೆ. ಅದು ನೇರವಾದ ದಾರಿ, ಅಲ್ಲಿ ನನಗೆ ತಕರಾರಿಲ್ಲ.

ವ್ಯಾಮೋಹದ ಮಾತು ಇಷ್ಟು. ಉಪೇಕ್ಷೆಯ ಮಾತಿಗೆ ನಾನೇ ಸಾಕ್ಷಿ. ನನ್ನ ಕಾರಿಗೆ ತಂದ ಹಳೆಯ ಎಂಜಿನ್ನನ್ನು ಒಂದು ವರ್ಕ್‌ಶಾಪಿನಲ್ಲಿ ಬಿಚ್ಚಿದಾಗ ಕ್ಯಾಮ್ ಕಣ್ಣಿಗೆ ನಿರ್ದುಷ್ಟವಾಗಿಯೇ ಕಂಡಿತು. ಅಲ್ಲಿನ ಹಿರಿಯ ಮೆಕ್ಯಾನಿಕ್ ಉಬ್ಬುಗಳ ಮೇಲೆ ಹೆಬ್ಬೆರಳಿನ ಉಗುರನ್ನು ಎಳೆದು, “ನೋಡಿ ಸ್ವಾಮಿ, ಎಲ್ಲಾದರೂ ಉಗುರಿಗೆ ಸಿಕ್ಕುತ್ತಾ? ಇನ್ನೂ ಹತ್ತು ವರ್ಷಕ್ಕೆ ಯೋಚನೆ ಇಲ್ಲ” ಎಂದ. ಅನಂತರ ಎಂಟು ಟ್ಯಾಪೆಟ್ಟುಗಳನ್ನೂ ಒಂದೇ ಸೀಮೆಎಣ್ಣೆ ಡಬ್ಬದಲ್ಲಿ ಸುರಿದು, ಥಳಥಳಿಸುವಂತೆ ತೊಳೆದು, ಕೈಗೆ ಸಿಕ್ಕ ಕ್ರಮದಲ್ಲಿ ಕೂರಿಸಿದ. ಆ ಶುಚಿತ್ವವನ್ನು ಮೆಚ್ಚಿದವನು ನಾನೇ. ಸಾವಿರ ಕಿಲೋಮೀಟರು ಓಡುವಷ್ಟರಲ್ಲಿ ಮೂರನೆಯ ಸಿಲಿಂಡರಿನ ಹೊಗೆವಾಲ್ವಿನ ಟ್ಯಾಪೆಟ್ ಸದ್ದು ಮಾಡತೊಡಗಿತು, 0.015 ಅಂಗುಲಕ್ಕೆ ಸರಿಪಡಿಸಿದ ಸಂದು ವಾರದೊಳಗೆ ಮತ್ತೆ ಅಗಲವಾಯಿತು. ಮತ್ತೆ ಸರಿಪಡಿಸಿದರೆ ಮತ್ತೆ ಅಗಲವಾಯಿತು. ಸಂದು ತಾನಾಗಿ ಬೆಳೆಯುತ್ತಿದೆಯೆಂದರೆ ಅದರ ಕೆಳಗೆ ಏನೋ ಕರಗುತ್ತಿದೆಯೆಂದು ಅರ್ಥ. ಬಿಚ್ಚಿ ನೋಡಿದಾಗ ಆ ಉಬ್ಬಿನ ಮೂಗು ಮೊಂಡಾಗಿ, ಟ್ಯಾಪೆಟ್ಟಿನ ತಳ ಸವೆದ ಒರಳಿನಂತೆ ಗುಳಿಬಿದ್ದಿತ್ತು.

ಕಾರಣ ಗಹನವಾದುದಲ್ಲ. ಚಪ್ಪಟೆಯೆಂದು ಕರೆಯುವ ಟ್ಯಾಪೆಟ್ಟಿನ ತಳ ಸಾಮಾನ್ಯವಾಗಿ ಕಣ್ಣಿಗೆ ಕಾಣದಷ್ಟು ಉಬ್ಬಿರುತ್ತದೆ; ಅದು ತನ್ನ ಕ್ಯಾಮಿನ ಮೇಲೆ ಉಜ್ಜುವುದರ ಜೊತೆಗೆ ತಾನೂ ಮೆಲ್ಲನೆ ಸುತ್ತುತ್ತ, ಸವೆತವನ್ನು ಮೈಯೆಲ್ಲ ಹಂಚಿಕೊಳ್ಳುತ್ತದೆ. ಬಹುಕಾಲದ ಸಹವಾಸದಿಂದ ಒಂದೊಂದು ಉಬ್ಬೂ ಅದರದರ ಟ್ಯಾಪೆಟ್ಟೂ ಪರಸ್ಪರ ಒಗ್ಗಿಕೊಂಡಿರುತ್ತವೆ. ಅವನ್ನು ಅದಲುಬದಲು ಮಾಡಿದರೆ ಸುತ್ತುವ ಚಲನೆ ಕೆಟ್ಟು, ಒಂದೇ ಬಿಂದುವಿನ ಮೇಲೆ ಭಾರವೆಲ್ಲ ಬಿದ್ದು, ಮೇಲ್ಮೈಯ ಗಡಸು ಪದರ ಕಿತ್ತುಹೋಗುತ್ತದೆ. ಹೊಸ ಕ್ಯಾಮಿಗೆ ಹಳೆಯ ಟ್ಯಾಪೆಟ್ಟುಗಳನ್ನು ಕೂಡಿಸುವುದೂ ಇದೇ ಅಪರಾಧದ ಇನ್ನೊಂದು ರೂಪ. ಕಾರಿನ ಮೊದಲಿನ ಎಂಜಿನ್ನಿನ ಒಳ್ಳೆಯ ಕ್ಯಾಮನ್ನು ತೆಗೆದು, ಹೊರಗಿನಿಂದ ತಂದ ಎಂಜಿನ್ನಿಗೆ ಹಾಕಿ, ಅದರ ಟ್ಯಾಪೆಟ್ಟುಗಳನ್ನು ಮಾತ್ರ ಗುಜರಿಗೆ ಕೊಡುವ ಜಿಪುಣ ಬುದ್ಧಿಯೂ ಅಷ್ಟೇ. ರಟ್ಟಿನ ತುಂಡೊಂದರಲ್ಲಿ ಎಂಟು ತೂತು ಕೊರೆದು, ಒಂದೊಂದಕ್ಕೂ ಸಂಖ್ಯೆ ಬರೆದು, ಟ್ಯಾಪೆಟ್ಟುಗಳನ್ನು ಕ್ರಮವಾಗಿ ನಿಲ್ಲಿಸುವ ಮೆಕ್ಯಾನಿಕರನ್ನು ನಾನು ಅನಂತರ ಕಂಡಿದ್ದೇನೆ. ಬಿ-ಸರಣಿಯ ಈ ಬ್ಲಾಕಿನಲ್ಲಿ ಪಕ್ಕದ ಮುಚ್ಚಳಗಳನ್ನು ತೆಗೆದರೆ ಟ್ಯಾಪೆಟ್ಟುಗಳು ಕೈಗೆ ಸಿಗುತ್ತವೆ. ಆ ರಟ್ಟಿನ ತುಂಡಿಗಿಂತ ಅಗ್ಗವಾದ ವಿಮೆ ಇನ್ನೊಂದಿಲ್ಲ.

ಉಗುರಿನ ಪರೀಕ್ಷೆಯನ್ನು ನಾನು ಹಳಿಯುವುದಿಲ್ಲ. ಅದು ಗೀರನ್ನು ಕಂಡುಹಿಡಿಯುತ್ತದೆ, ಸವೆತವನ್ನಲ್ಲ. ಸಮನಾಗಿ ಸವೆದ ಉಬ್ಬು ಉಗುರಿಗೆ ರೇಷ್ಮೆಯಂತಿರುತ್ತದೆ. ಪುಶ್‌ರಾಡಿನ ತುದಿಗೆ ಡಯಲ್ ಗೇಜು ಹಿಡಿದು, ಕ್ರ್ಯಾಂಕನ್ನು ಕೈಯಿಂದ ತಿರುಗಿಸಿ, ಎಂಟೂ ಉಬ್ಬುಗಳ ಎತ್ತರವನ್ನು ಬರೆದುಕೊಂಡು ಹೋಲಿಸುವುದಕ್ಕೆ ಒಂದು ಗಂಟೆ ಸಾಕು. ರಾಕರಿನ ಅನುಪಾತ ಸುಮಾರು 1.4 ಇರುವುದರಿಂದ, ಉಬ್ಬಿನಲ್ಲಿ ಅರ್ಧ ಮಿಲಿಮೀಟರು ಸವೆದರೆ ವಾಲ್ವಿನಲ್ಲಿ 0.7 ಮಿಲಿಮೀಟರಿನ ತೆರವು ನಷ್ಟವಾಗುತ್ತದೆ. ಕ್ಯಾಮನ್ನು ಹೊರಗೆ ತೆಗೆದಾಗ ಅದರ ಮೂರು ಬೇರಿಂಗುಗಳನ್ನೂ, ಡಿಸ್ಟ್ರಿಬ್ಯೂಟರನ್ನೂ ಆಯಿಲ್ ಪಂಪನ್ನೂ ತಿರುಗಿಸುವ ಹಲ್ಲುಗಳನ್ನೂ ನೋಡತಕ್ಕದ್ದು. ಟೈಮಿಂಗ್ ಚೈನು ಜೋಲುಬಿದ್ದಿದ್ದರೆ ಉತ್ತಮ ಪಂಚಾಂಗವೂ ತಡವಾಗಿಯೇ ಓದಲ್ಪಡುತ್ತದೆ. ಹೊರದೇಶದಿಂದ ಬಿ-ಸರಣಿಯದೆಂದು ತರಿಸಿದ ಕ್ಯಾಮಾದರೆ, ಈ ಹಲ್ಲುಗಳ ಜೊತೆಗೆ, ಯಾಂತ್ರಿಕ ಪೆಟ್ರೋಲ್ ಪಂಪಿರುವ ಎಂಜಿನ್ನಿಗೆ ಅದನ್ನು ನಡೆಸುವ ಉಬ್ಬು ಅದರಲ್ಲಿದೆಯೇ ಎಂಬುದನ್ನೂ ದುಡ್ಡು ಕೊಡುವ ಮೊದಲೇ ಕೇಳಬೇಕು.

ಸವೆದ ಕ್ಯಾಮನ್ನು ಗ್ರೈಂಡ್ ಮಾಡಿಸಿ ಮತ್ತೆ ಹಾಕುವ ಪದ್ಧತಿಯ ಬಗೆಗೆ ನನ್ನ ಅಭಿಪ್ರಾಯ ಅಷ್ಟು ಅನುಕೂಲವಾಗಿಲ್ಲ. ಮೂಗಿನ ಎತ್ತರವನ್ನು ಉಳಿಸಿಕೊಳ್ಳಲು ಮೂಲವೃತ್ತವನ್ನೇ ಸಣ್ಣದು ಮಾಡುತ್ತಾರೆ. ಆಗ ಟ್ಯಾಪೆಟ್ ಕೆಳಗಿಳಿದು, ರಾಕರಿನ ಕೋನ ಬದಲಾಗಿ, ಸಂದು ಸರಿಪಡಿಸುವ ಸ್ಕ್ರೂ ತನ್ನ ಮಿತಿಯ ಕಡೆಗೆ ಸರಿಯುತ್ತದೆ. ಅದಾದರೂ ಸಹ್ಯ. ಆದರೆ ಗಡಸು ಪದರ ಎಷ್ಟು ಉಳಿಯಿತು, ಮತ್ತೆ ಗಡಸು ಮಾಡಿದರೋ ಇಲ್ಲವೋ ಎಂಬುದಕ್ಕೆ ಲೇಥಿನವನ ಮಾತಲ್ಲದೆ ಬೇರೆ ಪ್ರಮಾಣವಿಲ್ಲ. ಹೊಸ ಕ್ಯಾಮ್ ಸಿಕ್ಕುವಂತಿರುವವರೆಗೆ ಇದು ಬೇಡ.

ಹೊಸ ಕ್ಯಾಮ್ ಸಿಕ್ಕಿದರೂ ಅದರ ಭವಿಷ್ಯ ಮೊದಲ ಇಪ್ಪತ್ತು ನಿಮಿಷಗಳಲ್ಲಿ ನಿರ್ಣಯವಾಗುತ್ತದೆ. ಟ್ಯಾಪೆಟ್ಟುಗಳಿಗೆ ಎಣ್ಣೆ ಬಹುಪಾಲು ದೊರೆಯುವುದು ಕ್ರ್ಯಾಂಕಿನಿಂದ ಸಿಡಿಯುವ ತುಂತುರಿನಿಂದ. ಐಡ್ಲಿಂಗಿನಲ್ಲಿ ಆ ತುಂತುರು ಸಾಲದು. ಆದಕಾರಣ ಉಬ್ಬುಗಳಿಗೆ ತಕ್ಕ ಲೇಪವನ್ನು ಸವರಿ, ಎಂಜಿನ್ ಹೊತ್ತಿಕೊಂಡೊಡನೆ 2000 ಸುತ್ತುಗಳಿಗೆ ಏರಿಸಿ, ಅಲ್ಲಿಂದ 2500ರ ನಡುವೆ ಏರಿಳಿಸುತ್ತ, ಇಪ್ಪತ್ತು ನಿಮಿಷ ಇಳಿಯಗೊಡದೆ ಓಡಿಸಬೇಕು. ನಮ್ಮಲ್ಲಿ ನಡೆಯುವುದಾದರೋ ಇದಕ್ಕೆ ತದ್ವಿರುದ್ಧ: ಹೊಸ ಎಂಜಿನ್ನಿಗೆ ಮಂಗಳಾರತಿ ಎತ್ತಿ, ತೆಂಗಿನಕಾಯಿ ಒಡೆದು, ಮಗುವನ್ನು ಮಲಗಿಸಿದಂತೆ ಅರ್ಧ ಗಂಟೆ ಐಡ್ಲಿಂಗಿನಲ್ಲಿ ಬಿಟ್ಟು, ಸುತ್ತ ನಿಂತು ಅದರ ಮೃದುತ್ವವನ್ನು ಹೊಗಳುತ್ತೇವೆ. ಎಣ್ಣೆಯ ವಿಚಾರವೂ ಹೀಗೆಯೇ. ಲೋಹ ಲೋಹಕ್ಕೆ ಕಚ್ಚದಂತೆ ಕಾಯುವ ಸತು-ರಂಜಕದ ಸಂಯುಕ್ತವನ್ನು, ಹೊಗೆಕೊಳವೆಯ ಕ್ಯಾಟಲಿಟಿಕ್ ಕನ್ವರ್ಟರನ್ನು ಉಳಿಸುವ ಸಲುವಾಗಿ, ಆಧುನಿಕ ಪೆಟ್ರೋಲ್ ಎಂಜಿನ್ ಎಣ್ಣೆಗಳಲ್ಲಿ ತಗ್ಗಿಸಿದ್ದಾರೆ. 2004ರಲ್ಲಿ ಬಂದ ಎಸ್‌ಎಂ ದರ್ಜೆಯ ತೆಳು ಎಣ್ಣೆಗಳಲ್ಲಿ ರಂಜಕದ ಮಿತಿ ನೂರಕ್ಕೆ 0.08. ಅತ್ಯಂತ ದುಬಾರಿಯಾದ ಹೊಸ ಎಣ್ಣೆಯನ್ನು ತಂದು ಸುರಿದರೆ ಹಳೆಯ ಕ್ಯಾಮಿಗೆ ಉಪಕಾರವಾಯಿತೆಂದು ತಿಳಿಯುವ ಶ್ರೀಮಂತರು, ಡಬ್ಬದ ಹಿಂಬದಿಯನ್ನು ಒಮ್ಮೆ ಓದಬೇಕು.

ಹಾಗಾದರೆ ಆಯ್ಕೆ ಯಾವುದು? ತಂದ ಎಂಜಿನ್ನಿನ ಕ್ಯಾಮ್ ಅಳತೆಯಲ್ಲಿ ಸರಿಯಿದ್ದು, ಅದರ ಟ್ಯಾಪೆಟ್ಟುಗಳು ತಮ್ಮತಮ್ಮ ಸ್ಥಾನದಲ್ಲಿಯೇ ದೊರೆತರೆ, ಅದನ್ನು ಮುಟ್ಟಕೂಡದು. ಇಲ್ಲವಾದರೆ ಮೂಲ ಅಳತೆಯ ಹೊಸ ಕ್ಯಾಮ್, ಅದರೊಡನೆ ಎಂಟು ಹೊಸ ಟ್ಯಾಪೆಟ್ಟುಗಳು, ಹೊಸ ಚೈನು. ಇದಕ್ಕಿಂತ ಒಂದಿಷ್ಟು ಚುರುಕಾದುದು ಬೇಕೆಂಬವರು, ಕಂಪ್ರೆಷನ್ನನ್ನು ಹೆಚ್ಚಿಸಿ, ಹೆಡ್ಡನ್ನೂ ಕಾರ್ಬುರೇಟರನ್ನೂ ತಕ್ಕಂತೆ ತಿದ್ದಿದ ಮೇಲೆ ಎಂಜಿಬಿಯ ಆ 252 ಡಿಗ್ರಿಗಳವರೆಗೆ ಹೋಗಬಹುದು. ಅದರಾಚೆ ನಾನು ಯಾರನ್ನೂ ಕಳುಹಿಸಲಾರೆ.

ನನ್ನ ಕಾರಿನಲ್ಲಿ ಈಗ ಇರುವುದು ಮೂಲ ಅಳತೆಯ ಹೊಸ ಕ್ಯಾಮ್. ಕಳೆದ ಮಳೆಗಾಲ ಮುಗಿದ ಮೇಲೆ ಐದು ಜನರನ್ನೂ ಅವರ ಗಂಟುಮೂಟೆಗಳನ್ನೂ ಹೊತ್ತು, ಸೋಮೇಶ್ವರದ ಕಡೆಯಿಂದ ಆಗುಂಬೆಯ ಹದಿನಾಲ್ಕು ತಿರುವುಗಳನ್ನೂ ಅದು ಎಲ್ಲಿಯೂ ನಿಲ್ಲದೆ ಹತ್ತಿತು. ಬಹುಭಾಗ ಎರಡನೆಯ ಗೇರಿನಲ್ಲಿ.