ನೀಲಿಯ ಪಾತ್ರೆಯೂ ಸ್ವಭಾವೋಕ್ತಿಯೂ

ಸ್ವಭಾವೋಕ್ತಿಯು ಅಲಂಕಾರವೆ, ಅಲಂಕಾರ್ಯವೆ ಎಂಬ ವಿವಾದವು ಆಲಂಕಾರಿಕರಲ್ಲಿ ಬಹುಕಾಲದಿಂದ ನಡೆದುಬಂದುದು ವಿದಿತವೇ ಆಗಿದೆ. ದಂಡಿಯು ಅದನ್ನು ಅರ್ಥಾಲಂಕಾರಗಳಲ್ಲಿ ಮೊದಲನೆಯದಾಗಿ ಎಣಿಸಿದನು. ಕುಂತಕನಾದರೋ, ವಸ್ತುಸ್ವಭಾವವೇ ಶರೀರವಾಗಿರಲು ಅದೇ ಆಭರಣವಾಗುವುದೆಂತೆಂದು ಆಕ್ಷೇಪಿಸಿದನು. ಈ ವಿಷಯದಲ್ಲಿ ಕಾವ್ಯದ ಹೊರಗಣ ದೃಷ್ಟಾಂತವೊಂದು ಫ್ರಾನ್ಸ್ ದೇಶದ ಚಿತ್ರಕಾರ ಪಾಲ್ ಸೆಜಾನನ (೧೮೩೯–೧೯೦೬) ಕೃತಿಯಲ್ಲಿ ದೊರೆಯುತ್ತದೆ.

ಲಾಸ್ ಏಂಜಲೀಸ್ ನಗರದ ಗೆಟ್ಟಿ ವಸ್ತುಸಂಗ್ರಹಾಲಯದಲ್ಲಿರುವ ಆ ಜಲವರ್ಣಚಿತ್ರವು ಸುಮಾರು ೧೯೦೦ರಿಂದ ೧೯೦೬ರೊಳಗೆ, ಎಂದರೆ ಆತನ ಕಡೆಗಾಲದಲ್ಲಿ, ರಚಿತವಾದುದು. ಅದರಲ್ಲಿರುವುದು ನೀಲಿ ಎನಾಮಲ್ಲಿನ ಅಡುಗೆಯ ಪಾತ್ರೆ, ಬಿಳಿಯ ಹಾಲಿನ ಹೂಜಿ, ಸೇಬಿನ ಹಣ್ಣುಗಳು, ಬಿಳಿಯ ವಸ್ತ್ರ, ಚಿತ್ತಾರದ ಜವಳಿ, ಇಷ್ಟೆ. ನಾಯಕನಿಲ್ಲ, ಕಥೆಯಿಲ್ಲ. ಘಟವೆಂಬುದು ತಾರ್ಕಿಕರ ಬಾಯಲ್ಲಿ ದಿನಕ್ಕೆ ನೂರು ಸಲ ಹೊರಳುವ ಉದಾಹರಣೆ. ಆದರೆ ಅವರಲ್ಲೊಬ್ಬರಾದರೂ ಘಟವನ್ನು ನಿಂತು ನೋಡಿದಂತೆ ತೋರದು!

ಸೆಜಾನನು ನೋಡಿದನು. ಮೊದಲು ಸೀಸದ ಕಡ್ಡಿಯ ಗೆರೆ. ಅದರ ಮೇಲೆ ಗೆರೆಯನ್ನು ಮುಚ್ಚದಷ್ಟು ತೆಳುವಾದ ವರ್ಣಲೇಪ. ೧೯೦೪ರಲ್ಲಿ ಆತನು ಒಂದು ಪರ್ವತದ ಜಲವರ್ಣವನ್ನು ಬರೆಯುತ್ತಿದ್ದುದನ್ನು ಕಂಡ ಎಮಿಲ್ ಬೆರ್ನಾರನು, ಆತನು ನೆರಳಿನಿಂದ ತೊಡಗಿ, ಒಂದು ಲೇಪದ ಮೇಲೆ ಅದಕ್ಕಿಂತ ದೊಡ್ಡದಾದ ಇನ್ನೊಂದನ್ನು ಹಾಸುತ್ತ ಹೋದನೆಂದು ತಿಳಿಸಿದ್ದಾನೆ. ನೀಲಿ ಪಾತ್ರೆಯ ಗುಂಡು ಮೈಯೂ ಹೀಗೆ ವರ್ಣದಿಂದಲೇ ಉಬ್ಬಿ ಬಂದಿರುವುದೇ ಹೊರತು ಗೆರೆಯ ಬಂಧನದಿಂದಲ್ಲ.

ಇನ್ನು ಬಿಳುಪಿನ ವಿಚಾರ. ವಿಷ್ಣುಧರ್ಮೋತ್ತರದ ಚಿತ್ರಸೂತ್ರವು ಐದು ಮೂಲರಂಗಗಳಲ್ಲಿ ಶ್ವೇತವನ್ನೂ ಸೇರಿಸುತ್ತದೆ. ನಮ್ಮ ಪಟಚಿತ್ರಗಾರರಿಗೂ ಬಿಳುಪು ಹಚ್ಚುವ ಬಣ್ಣವೇ. ಇಲ್ಲಿ ಅದು ಹಚ್ಚದೆ ಬಿಟ್ಟ ಕಾಗದ. ಹೂಜಿಯ ಹೊಳಪೂ ವಸ್ತ್ರದ ಬೆಳಕೂ ಕುಂಚವು ತಡೆದು ನಿಂತ ಸ್ಥಳಗಳು. ಇದನ್ನು ಕಂಡೊಡನೆ ಧ್ವನಿಯೆಂದು ಕರೆಯಲು ಮನಸ್ಸು ಹಾತೊರೆಯುವುದು ಸಹಜ. ಆದರೆ ಅದು ಅವಸರದ ಮಾತು. ವ್ಯಂಗ್ಯಾರ್ಥವು ವಾಚ್ಯದ ಮೂಲಕ ಹೊಳೆಯತಕ್ಕದ್ದು. ಕಾಗದವಾದರೋ ಕಣ್ಣಿಗೆ ನೇರವಾಗಿಯೇ ಗೋಚರಿಸುತ್ತದೆ. ಸುತ್ತಣ ನೀಲಿಯು ಅದನ್ನು ಹೂಜಿಯನ್ನಾಗಿ ಮಾಡಿತು, ಅಷ್ಟೆ.

ಕುಂತಕನೇ ತನ್ನ ತೃತೀಯೋನ್ಮೇಷದಲ್ಲಿ ವಸ್ತುವಕ್ರತೆಯನ್ನು ಹೇಳಿ, ಸಹಜಸುಂದರವಾದ ವಸ್ತುವಿಗೆ ಹೆಚ್ಚಿನ ಅಲಂಕಾರವು ಬೇಡವೆಂದು ಒಪ್ಪಿದ್ದಾನೆ. ಹೂಜಿಯು ಆ ಮತಕ್ಕೆ ಸಾಕ್ಷಿಯಾಗಬಲ್ಲುದು. ಜವಳಿಯ ಚಿತ್ತಾರವು ಹಾಗಲ್ಲ; ಅದು ಪಾತ್ರೆಯೊಡನೆ ಪೈಪೋಟಿಗೆ ನಿಂತು ಕೊಂಚ ಅತಿಯಾಗಿದೆ.

ರಸವಾವುದು ಎಂದರೆ, ಆಲಂಬನವು ಪಾತ್ರೆ. ಚಿತ್ರದೊಳಗೆ ಮನುಷ್ಯನೇ ಇಲ್ಲದಿರುವುದರಿಂದ ಆಶ್ರಯವನ್ನು ಅಲ್ಲಿ ಹುಡುಕುವುದು ವ್ಯರ್ಥ. ಶಾಂತವೆನ್ನುವವರು ಉಂಟು. ನಿತ್ಯವೂ ಒಲೆಯ ಮೇಲೆ ಕಂಡ ವಸ್ತುವಿನಲ್ಲಿ ವಿಸ್ಮಯವೇ ಸ್ಥಾಯಿಯಾಗುವುದರಿಂದ ಅದ್ಭುತವೆಂಬುದೇ ಯುಕ್ತ.