ಮೌನದ ಪ್ರಾಮಾಣ್ಯ: ಏಕಮುಖ ಸಂಪರ್ಕ ನಿರ್ಣಯದ ಪರಿಭಾಷಾ ವಿಮರ್ಶೆ

ಅನ್ಯಭಾಷೆಯ ಶಾಸ್ತ್ರಪದಗಳನ್ನು ಕನ್ನಡಿಸುವಾಗ ಪದಕ್ಕೆ ಪದವನ್ನಿಟ್ಟು ತೃಪ್ತರಾಗುವ ವಾಡಿಕೆಯುಂಟು. ಪದವು ಸೂಚಿಸುವ ವ್ಯಾಪಾರವು ಎಂತಹುದೆಂಬುದನ್ನು ಮೊದಲು ನಿಶ್ಚಯಿಸಿಕೊಳ್ಳದೆ ಮಾಡಿದ ಭಾಷಾಂತರವು ವಿದ್ಯಾರ್ಥಿಗೆ ಜ್ಞಾನಕ್ಕಿಂತ ಹೆಚ್ಚಾಗಿ ಭ್ರಾಂತಿಯನ್ನೇ ಉಂಟುಮಾಡುವುದು. 'ಯೂನಿಡೈರೆಕ್ಷನಲ್ ಲಿಂಕ್ ಡಿಟೆಕ್ಷನ್' (ಸಂಕ್ಷೇಪವಾಗಿ ಯುಡಿಎಲ್‌ಡಿ) ಎಂಬ ಪದವು ಇದಕ್ಕೆ ತಕ್ಕ ನಿದರ್ಶನವಾಗಿದೆ. ಇದು ಸಿಸ್ಕೊ ಸಂಸ್ಥೆಯವರು ತಮ್ಮ ಸ್ವಿಚ್ಚುಗಳಿಗಾಗಿ ನಿರ್ಮಿಸಿದ ವಿಧಾನ. ಎಂ. ಫೋಸ್ಕಿಯಾನೊ ಎಂಬವರು ರಚಿಸಿದ ಇದರ ವಿವರಣೆಯು 2008ನೆಯ ಇಸವಿಯ ಏಪ್ರಿಲ್ ತಿಂಗಳಲ್ಲಿ ಆರ್‌ಎಫ್‌ಸಿ 5171 ಎಂಬ ಸಂಖ್ಯೆಯನ್ನು ಹೊತ್ತು, ಮಾನಕವಾಗಿ ಅಲ್ಲದೆ ಕೇವಲ ಮಾಹಿತಿಗಾಗಿ ಪ್ರಕಟವಾಯಿತು.

ವಿಷಯದ ಸ್ಪಷ್ಟತೆಗಾಗಿ ಒಂದು ದೃಷ್ಟಾಂತವನ್ನು ಕಲ್ಪಿಸಬಹುದು. ಚಾಮರಾಜನಗರದಲ್ಲಿ ಒಂದು ಸ್ವಿಚ್ಚು, ಅದೇ ಸೀಮೆಯ ಉಡಿಗಾಲದಲ್ಲಿ ಮತ್ತೊಂದು. ಇವೆರಡರ ನಡುವೆ ಗಾಜಿನ ಎಳೆಗಳೆರಡು. ಒಂದು ಎಳೆಯಲ್ಲಿ ಬೆಳಕು ಹೋಗುವುದು, ಇನ್ನೊಂದರಲ್ಲಿ ಬರುವುದು. (ಗ್ರಾಮ ಪಂಚಾಯಿತಿಗಳಿಗೆ ಎಳೆಯನ್ನೊಯ್ಯಲು 2011ರಲ್ಲಿ ಅಂಗೀಕೃತವಾಗಿ ಮುಂದೆ ಭಾರತ್‌ನೆಟ್ ಎಂದು ಹೆಸರಾದ ಯೋಜನೆಯಲ್ಲಿ ಬಹುಮಟ್ಟಿಗೆ ಬಳಕೆಯಾದ ಜಿಪಾನ್ ಪದ್ಧತಿಯು ಬೇರೆ, ಅಲ್ಲಿ ಒಂದೇ ಎಳೆಯಲ್ಲಿ ಎರಡು ತರಂಗಗಳು ಎದುರುಬದುರಾಗಿ ಸಂಚರಿಸುವುವು. ಅದು ಪ್ರಕೃತ ವಿಚಾರಕ್ಕೆ ಸೇರದು.) ಎರಡು ಎಳೆಗಳೂ ಕಡಿದರೆ ಎರಡು ಕಡೆಯೂ ಬೆಳಕು ನಿಂತು, ದೋಷವು ತಾನಾಗಿಯೇ ವ್ಯಕ್ತವಾಗುವುದು. ಒಂದೇ ಎಳೆಯು ಕೆಟ್ಟರೂ ಕೊನೆಯ ಯಂತ್ರಗಳ ಸ್ವಯಂ ಹೊಂದಾಣಿಕೆಯು ಸಾಮಾನ್ಯವಾಗಿ ಅದನ್ನು ತಿಳಿಸುವುದು. ಆದರೆ ಆ ಹೊಂದಾಣಿಕೆಯನ್ನು ನಿಲ್ಲಿಸಿದ್ದರೆ, ನಡುವೆ ಬೇರೊಂದು ಪರಿವರ್ತಕವಿದ್ದರೆ, ಅಥವಾ ಎಳೆಗಳನ್ನು ತಪ್ಪಾಗಿ ಹೆಣೆದಿದ್ದರೆ, ಬೆಳಕು ಇದ್ದೂ ಸಂವಾದವಿಲ್ಲದ ಸ್ಥಿತಿಯು ಒದಗುವುದು.

ಈ ಸ್ಥಿತಿಯು ಪೂರ್ಣವಿಚ್ಛೇದಕ್ಕಿಂತಲೂ ಅನರ್ಥಕಾರಿ. ಹೇಗೆಂದರೆ: ಸ್ವಿಚ್ಚುಗಳ ನಡುವೆ ಎರಡು ದಾರಿಗಳಿದ್ದಾಗ ಸುತ್ತು ಉಂಟಾಗದಂತೆ ಒಂದನ್ನು ಮುಚ್ಚಿಡುವುದು ಸ್ಪ್ಯಾನಿಂಗ್ ಟ್ರೀ ಎಂಬ ವ್ಯವಸ್ಥೆಯ ಕಾರ್ಯ. ಮುಚ್ಚಿದ ದ್ವಾರವು ನೆರೆಯ ಸ್ವಿಚ್ಚಿನ ಸೂಚನೆಗಳನ್ನು ಕೇಳುತ್ತಿರುವವರೆಗೆ ಮಾತ್ರ ಮುಚ್ಚಿರುವುದು. ಸೂಚನೆಯು ಕೇಳದಾದರೆ 'ಆ ಕಡೆ ಯಾರೂ ಇಲ್ಲ'ವೆಂದು ಬಗೆದು ಅದು ತೆರೆದುಕೊಳ್ಳುವುದು. ಒಡನೆಯೇ ಸುತ್ತು ಏರ್ಪಟ್ಟು, ಒಂದೇ ಸಂದೇಶವು ಅನಂತವಾಗಿ ತಿರುಗಿ ಇಡೀ ಜಾಲವನ್ನು ಸ್ತಬ್ಧಗೊಳಿಸುವುದು. ಮೌನವನ್ನು ತಪ್ಪಾಗಿ ಅರ್ಥೈಸಿದುದರ ಫಲವಿದು.

ಯುಡಿಎಲ್‌ಡಿಯ ಉಪಾಯವು ಸರಳವಾಗಿದೆ. ಪ್ರತಿಯೊಂದು ದ್ವಾರವೂ ನಿಯತಕಾಲಕ್ಕೊಮ್ಮೆ, ರೂಢಿಯಲ್ಲಿ 15 ಸೆಕೆಂಡಿಗೊಮ್ಮೆ, ತನ್ನ ಹೆಸರನ್ನೂ ತಾನು ಕೇಳಿಸಿಕೊಂಡ ನೆರೆಯವರ ಹೆಸರುಗಳನ್ನೂ ಸಾರುವುದು. ಉಡಿಗಾಲದಿಂದ ಬಂದ ಸಂದೇಶದಲ್ಲಿ ಚಾಮರಾಜನಗರದ ಹೆಸರು ಮರುನುಡಿಯಾಗಿ ಬಂದರೆ ಸಂಬಂಧವು ಉಭಯಮುಖ. ಸಂದೇಶವು ಬಂದೂ ತನ್ನ ಹೆಸರು ಅದರಲ್ಲಿಲ್ಲದಿದ್ದರೆ ಸಂಬಂಧವು ಏಕಮುಖವೆಂದು ಸಿದ್ಧವಾಗುವುದು. ಆಗ ದ್ವಾರವನ್ನು ಮುಚ್ಚಲಾಗುವುದು. ಇದು ಲಿಂಗದರ್ಶನದಿಂದಾಗುವ ಅನುಮಾನ, ಇದರಲ್ಲಿ ವಿವಾದವಿಲ್ಲ.

ವಿಚಾರಣೀಯವಾದುದು ಎರಡನೆಯ ಸಂದರ್ಭ: ಸಂದೇಶವೇ ಬಾರದಿದ್ದರೆ ಏನೆಂದು ತಿಳಿಯಬೇಕು? ಯುಡಿಎಲ್‌ಡಿಯ ಎರಡು ವಿಧಿಗಳು ಭೇದಗೊಳ್ಳುವುದು ಇಲ್ಲಿಯೇ. ಸಾಧಾರಣ ವಿಧಿಯು ಮೌನವನ್ನು ಸಂಶಯವೆಂದೆಣಿಸಿ, ಸ್ಥಿತಿಯು ಅನಿರ್ಣೀತವೆಂದು ಗುರುತಿಸಿ ದ್ವಾರವನ್ನು ತೆರೆದಿಡುವುದು. 'ಅಗ್ರೆಸಿವ್' ಎಂಬ ವಿಧಿಯಾದರೋ, ಮೊದಲು ಪರಿಚಿತವಾಗಿದ್ದ ನೆರೆಯು ಮೌನವಾದಾಗ ಸೆಕೆಂಡಿಗೊಂದರಂತೆ 8 ಸಲ ಕೂಗಿ ನೋಡಿ, ಉತ್ತರವಿಲ್ಲದಿದ್ದರೆ ದ್ವಾರವನ್ನು ಮುಚ್ಚುವುದು.

ಕುಮಾರಿಲಭಟ್ಟರ ಪಂಥದವರು ಅನುಪಲಬ್ಧಿಯನ್ನು ಪ್ರತ್ಯೇಕ ಪ್ರಮಾಣವೆಂದು ಒಪ್ಪಿರುವರು, ಪ್ರಾಭಾಕರರು ಒಪ್ಪುವುದಿಲ್ಲ. ಒಪ್ಪುವವರೂ ಬರಿಯ ಕಾಣದಿರುವಿಕೆಯನ್ನು ಪ್ರಮಾಣವೆನ್ನದೆ, ಯೋಗ್ಯತೆಯನ್ನು ವಿಶೇಷಣವಾಗಿ ಸೇರಿಸುವರು. ಬೆಳಕಿರುವ ನೆಲದಲ್ಲಿ ಗಡಿಗೆಯಿದ್ದಿದ್ದರೆ ಕಾಣಬೇಕಾಗಿತ್ತು, ಕಾಣಲಿಲ್ಲ, ಆದುದರಿಂದ ಇಲ್ಲ. ಕತ್ತಲೆಯಲ್ಲಿ ಕಾಣದಿದ್ದರೆ ಇಲ್ಲವೆನ್ನಲಾಗದು. ಎರಡನೆಯ ವಿಧಿಯು ಈ ಯೋಗ್ಯತೆಯನ್ನೇ ಸಂಪಾದಿಸಿಕೊಳ್ಳಲು ಯತ್ನಿಸುವುದು. ಎಂದೂ ಮಾತನಾಡದ ನೆರೆಯ ಮೌನವನ್ನು ಅದು ಗಣಿಸುವುದಿಲ್ಲ. ಮಾತನಾಡುತ್ತಿದ್ದವನ ಮೌನವನ್ನು ಮಾತ್ರ, ಅದೂ ಎಂಟು ಸಲ ಪರೀಕ್ಷಿಸಿ, ಗಣಿಸುವುದು. ಎರಡು ತುದಿಗಳಲ್ಲಿಯೂ ಯುಡಿಎಲ್‌ಡಿಯನ್ನು ಜಾರಿಗೊಳಿಸಬೇಕೆಂಬ ನಿಯಮಕ್ಕೆ ಕಾರಣವೂ ಇದೇ. ಆದರೂ ಯೋಗ್ಯತೆಯು ಪೂರ್ಣವಲ್ಲ: ನೆರೆಯ ಯಂತ್ರವು ಕಾರ್ಯಭಾರದಿಂದ ಬಳಲಿ ಉತ್ತರಿಸದಿದ್ದರೂ ದ್ವಾರವು ಮುಚ್ಚಿಹೋಗುವುದು.

ಈಗ ಪದವಿಚಾರ. 'ಏಕಮುಖ ಸಂಪರ್ಕ ಪತ್ತೆ' ಎಂಬ ಭಾಷಾಂತರದಲ್ಲಿ 'ಪತ್ತೆ'ಯು ಕಳೆದ ವಸ್ತುವನ್ನು ಹುಡುಕಿ ಹಿಡಿಯುವುದನ್ನು ಸೂಚಿಸುವುದು. ಇಲ್ಲಿ ಹಿಡಿಯುವ ವಸ್ತುವಿಲ್ಲ, ಸಾಧಿಸುವ ತೀರ್ಮಾನವಿದೆ. ಆದುದರಿಂದ 'ಏಕಮುಖ ಸಂಪರ್ಕ ನಿರ್ಣಯ'ವೆಂಬುದೇ ಯುಕ್ತ. 'ಅಗ್ರೆಸಿವ್' ಪದಕ್ಕೆ 'ಆಕ್ರಮಣಕಾರಿ' ಎಂಬುದು ಇನ್ನೂ ಅನುಚಿತ. ಇಲ್ಲಿ ಯಾರ ಮೇಲೂ ದಾಳಿಯಿಲ್ಲ. ಮೌನವನ್ನು ದೋಷವೆಂದೆಣಿಸುವುದೇ ಇದರ ಲಕ್ಷಣವಾದುದರಿಂದ 'ಮೌನನಿಷೇಧ ವಿಧಿ' ಎಂದರೆ ಅರ್ಥವು ಕೈಗೆಟುಕುವುದು.

ಇದು ಕೇವಲ ಪದಪ್ರೀತಿಯ ಮಾತಲ್ಲ. ಸ್ವಿಚ್ಚಿನಲ್ಲಿ 'ಯುಡಿಎಲ್‌ಡಿ ಎನೇಬಲ್' ಎಂದು ಒಟ್ಟಾಗಿ ಆಜ್ಞಾಪಿಸಿದರೆ ಗಾಜಿನೆಳೆಯ ದ್ವಾರಗಳಿಗೆಲ್ಲ ಸಾಧಾರಣ ವಿಧಿಯು ಅನ್ವಯಿಸುವುದು. ಒಂದೊಂದು ದ್ವಾರದಲ್ಲಿ 'ಯುಡಿಎಲ್‌ಡಿ ಪೋರ್ಟ್ ಅಗ್ರೆಸಿವ್' ಎಂದರೆ ಎರಡನೆಯದು. ಮುಚ್ಚಿದ ದ್ವಾರವು ರೂಢಿಯಲ್ಲಿ ತಾನಾಗಿ ತೆರೆಯದು. 'ಯುಡಿಎಲ್‌ಡಿ ರಿಸೆಟ್' ಎಂಬ ಆಜ್ಞೆಯು ಬೇಕು, ಅಥವಾ ಸ್ವಯಂ ಚೇತರಿಕೆಯನ್ನು ಮೊದಲೇ ಏರ್ಪಡಿಸಿರಬೇಕು. ಆಗ 300 ಸೆಕೆಂಡುಗಳ ಮೇಲೆ ಮರುಪ್ರಯತ್ನ ನಡೆಯುವುದು. ಉಡಿಗಾಲಕ್ಕೆ ಇರುವುದೊಂದೇ ದಾರಿಯಾದರೆ ಸುತ್ತಿನ ಭಯವೇ ಇಲ್ಲ. ಅಲ್ಲಿ ಎರಡನೆಯ ವಿಧಿಯನ್ನು ವಿಧಿಸಿದರೆ, ಕ್ಷಣಿಕ ಮೌನಕ್ಕಾಗಿ ಊರೇ ಸಂಪರ್ಕವನ್ನು ಕಳೆದುಕೊಂಡು, ಉಡಿಗಾಲದ ಕಡೆಯ ದ್ವಾರವನ್ನು ತೆರೆಯಲು ಒಬ್ಬನು ಅಲ್ಲಿಗೇ ಹೋಗಬೇಕಾದೀತು. ಎರಡು ದಾರಿಗಳಿರುವೆಡೆಯಲ್ಲಿಯಾದರೋ ಆ ಕಾಠಿಣ್ಯವೇ ಜಾಲವನ್ನು ಉಳಿಸುವುದು. 'ಆಕ್ರಮಣಕಾರಿ' ಎಂದು ಕಲಿತವನು ಹೆದರಿ ಬಿಟ್ಟಾನು, ಅಥವಾ ಶೂರತ್ವವೆಂದು ಎಲ್ಲೆಡೆಯೂ ಹಚ್ಚಿಯಾನು. ಮೌನದ ಪ್ರಾಮಾಣ್ಯವನ್ನು ಅರಿತವನು ಎಡೆಯನ್ನು ನೋಡಿ ವಿಧಿಯನ್ನು ಆರಿಸುವನು. ಪರಿಭಾಷೆಯನ್ನು ರಚಿಸುವವರು ಶಬ್ದಕ್ಕಿಂತ ಮೊದಲು ಈ ವಿವೇಕವನ್ನು ಕನ್ನಡಕ್ಕೆ ತರಬೇಕಾಗಿದೆ.