ವೆಲ್ಲೆಸ್ಲಿ ಸೇತುವೆಯೂ ವಿಶ್ವಪರಂಪರೆಯ ಲಕ್ಷಣವೂ

ಯಂತ್ರೋದ್ಯಮದ ಕಾಲದ ಸ್ಮಾರಕಗಳನ್ನು ಕುರಿತು 2003ನೆಯ ಇಸವಿಯಲ್ಲಿ ರಷ್ಯಾ ದೇಶದ ನಿಜ್ನಿ ತಗಿಲ್ ನಗರದಲ್ಲಿ ಅಂಗೀಕೃತವಾದ ಸನದು ಪರಂಪರಾರಕ್ಷಕರಿಗೆ ಪ್ರಮಾಣಗ್ರಂಥದಂತಿರುವುದು. ಔದ್ಯಮಿಕ ಸಂಸ್ಕೃತಿಯ ಅವಶೇಷಗಳಲ್ಲಿ ಚಾರಿತ್ರಿಕ, ತಾಂತ್ರಿಕ, ಸಾಮಾಜಿಕ, ವಾಸ್ತುಸಂಬಂಧವಾದ ಇಲ್ಲವೆ ವೈಜ್ಞಾನಿಕವಾದ ಮೌಲ್ಯವುಳ್ಳವು ಔದ್ಯಮಿಕ ಪರಂಪರೆಯೆಂದು ಲಕ್ಷಣ ಹೇಳಿ, ಹದಿನೆಂಟನೆಯ ಶತಮಾನದ ಉತ್ತರಾರ್ಧದಿಂದ ಇಂದಿನವರೆಗಿನ ಕಾಲವನ್ನು ಅದು ಮುಖ್ಯವಾಗಿ ಗ್ರಹಿಸಿದೆ. ಲಕ್ಷಣವೆಂದ ಮೇಲೆ ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವಗಳೆಂಬ ದೋಷಗಳಿವೆಯೇ ಎಂದು ಪರೀಕ್ಷಿಸುವುದು ಶಾಸ್ತ್ರಕ್ರಮ.

ಕಾಲವೇ ಲಕ್ಷಣವಾದರೆ ಅತಿವ್ಯಾಪ್ತಿಯು ಸ್ಪಷ್ಟ. ಬೆಂಗಳೂರಿನ ಪೂರ್ವಕ್ಕೆ ಕೃಷ್ಣರಾಜಪುರದ ರೈಲುಹಳಿಗಳ ಮೇಲೆ ಅದೇ 2003ರಲ್ಲಿ ತೆರೆದ ಸೇತುವೆಯೂ ಪರಂಪರೆಯೇ ಆಗಬೇಕಾದೀತು. (ಜನರು ಅದನ್ನು ತೂಗುಸೇತುವೆಯೆನ್ನುವರು, ಸಾಧುವಲ್ಲ. ತೂಗುಸೇತುವೆಯ ಹಾದಿಯು ಬಾಗಿದ ದೊಡ್ಡ ಹಗ್ಗದಿಂದ ಇಳಿಬಿಟ್ಟ ಹಗ್ಗಗಳಿಗೆ ಜೋತಿರುವುದು. ಇಲ್ಲಿಯಾದರೋ ಸ್ತಂಭದಿಂದ ಓರೆಯಾಗಿ ಬಿಗಿದ ಹಗ್ಗಗಳೇ ಹಾದಿಯನ್ನು ಹಿಡಿದಿವೆ.) ಅವಶೇಷವೆಂದರೆ ಉಪಯೋಗ ತಪ್ಪಿದುದೆಂದು ಅರ್ಥಮಾಡಿದರೆ ಅವ್ಯಾಪ್ತಿ: 1890ರಲ್ಲಿ ತೆರೆದು 2015ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಸ್ಕಾಟ್ಲೆಂಡಿನ ಫೋರ್ತ್ ಸೇತುವೆಯ ಮೇಲೆ ಈಗಲೂ ರೈಲು ಓಡುತ್ತಲಿದೆ. ಆದುದರಿಂದ ಸನದಿನಲ್ಲಿ ಕಾಲವು ಉಪಲಕ್ಷಣಮಾತ್ರ. ಔದ್ಯಮಿಕ ಸಂಸ್ಕೃತಿಯೆಂಬ ಪದವೇ ವ್ಯಾವರ್ತಕವು.

ಈ ವಿವೇಚನೆಯಿಲ್ಲದೆ ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆಯನ್ನು ಇಂಗ್ಲೆಂಡಿನ ಕಬ್ಬಿಣದ ಸೇತುವೆಯ ಪಂಕ್ತಿಯಲ್ಲಿ ಕೂರಿಸಹೊರಡುವುದು ಅವಿಚಾರ. ದಿವಾನ್ ಪೂರ್ಣಯ್ಯನವರು 1804ರಲ್ಲಿ ಪೂರೈಸಿ ಗವರ್ನರ್ ಜನರಲ್ ಮಾರ್ಕ್ವಿಸ್ ವೆಲ್ಲೆಸ್ಲಿಯ ಹೆಸರಿಟ್ಟ ಇದು, ಸೆವರ್ನ್ ನದಿಯ ಮೇಲೆ 1779ರಲ್ಲಿ ಎತ್ತಿದ ಎರಕದ ಕಬ್ಬಿಣದ ಕಮಾನಿಗಿಂತ ಇಪ್ಪತ್ತೈದು ವರ್ಷ ಕಿರಿದು. ವಯಸ್ಸಿನಲ್ಲಿ ಕಿರಿದಾದರೂ ಕುಲದಲ್ಲಿ ಹಿರಿದು. ಕಲ್ಲಿನ ಕಂಬ, ಅದರ ಮೇಲೆ ಕಲ್ಲಿನ ಬೋದಿಗೆ, ಬೋದಿಗೆಯ ಮೇಲೆ ಕಲ್ಲಿನ ತೊಲೆ. ಕಮಾನಿನ ಮಾತೇ ಇಲ್ಲ. ಇದರ ಹತ್ತಿರದ ನಂಟನನ್ನು ಹುಡುಕಬೇಕಾದರೆ ಸೆವರ್ನಿಗೆ ಹೋಗಬೇಕಿಲ್ಲ. ಹಂಪೆಯ ಬಳಿ ತುಂಗಭದ್ರೆಯಲ್ಲಿ ನಿಂತಿರುವ ವಿಜಯನಗರದ ಸೇತುವೆಯ ಕಲ್ಲುಕಂಬಗಳನ್ನು ನೋಡಿದರೆ ಸಾಕು. ಹಂಪೆಯೂ ಸೆವರ್ನಿನ ಆ ಕಣಿವೆಯೂ 1986ರಲ್ಲಿಯೇ ಪಟ್ಟಿಗೆ ಸೇರಿದುವೆಂಬುದು ಸ್ವಾರಸ್ಯವಾಗಿದೆ.

ಯಂತ್ರಕೌಶಲದ ಬಲದಿಂದ ಈ ಸೇತುವೆ ಗೆಲ್ಲಲಾರದು. ಇದರ ಬಲವೇ ಬೇರೆ. ಟಿಪ್ಪುಸುಲ್ತಾನನು 1799ರಲ್ಲಿ ಮಡಿದ ಐದೇ ವರ್ಷಗಳಲ್ಲಿ ದೇಶೀಯ ದಿವಾನನೊಬ್ಬನು ಗೆದ್ದವರ ಹೆಸರನ್ನು ಗೆಲ್ಲಲ್ಪಟ್ಟವರ ಶಿಲ್ಪದಲ್ಲಿ ನಿಲ್ಲಿಸಿದನು. ವಿಶ್ವಪರಂಪರೆಯ ಎರಡನೆಯ ಮಾನದಂಡವು ಕೇಳುವ ಅನ್ಯೋನ್ಯ ವಿನಿಮಯಕ್ಕೆ ಇದಕ್ಕಿಂತ ಸ್ಫುಟವಾದ ನಿದರ್ಶನ ಸುಲಭವಲ್ಲ. ಔದ್ಯಮಿಕ ಸಂಸ್ಕೃತಿಯನ್ನೇ ಅರಸುವವರು ದಂಡನ್ನು ಹಿಂಬಾಲಿಸಲಿ: ಅದು 1809ರಲ್ಲಿ ಶ್ರೀರಂಗಪಟ್ಟಣವನ್ನು ಬಿಟ್ಟು ಹಲಸೂರಿನ ಬಳಿ ಬೀಡುಬಿಟ್ಟಿತು, 1864ರಲ್ಲಿ ಜೋಲಾರಪೇಟೆಯಿಂದ ರೈಲು ಅಲ್ಲಿಗೆ ಬಂದಿತು. ಕೃಷ್ಣರಾಜಪುರದಿಂದ ದಂಡಿನ ನಿಲ್ದಾಣದವರೆಗಿನ ಆ ದಾರಿಯ ಮೇಲೆ ವಿದ್ವಾಂಸರ ಕಣ್ಣು ಇನ್ನೂ ಸಾಕಷ್ಟು ಬಿದ್ದಿಲ್ಲ.

ಶ್ರೀರಂಗಪಟ್ಟಣ ದ್ವೀಪನಗರದ ಸ್ಮಾರಕಗಳು 2014ರಲ್ಲಿ ಭಾರತದ ತಾತ್ಕಾಲಿಕ ಪಟ್ಟಿಯನ್ನು ಸೇರಿದುವು. ಮುಂದೆ ಪೂರ್ಣವಾದ ಮನವಿಯನ್ನು ಬರೆಯತಕ್ಕವರು ಸೇತುವೆಯನ್ನು ಕೋಟೆಯ ಬಾಲವಾಗಿ ನಾಲ್ಕು ಮಾತಿನಲ್ಲಿ ಮುಗಿಸದೆ, ಹಂಪೆಯ ಕಂಬಗಳೊಡನೆಯೂ ಶಿವನಸಮುದ್ರದ ಕಲ್ಲುಸೇತುವೆಗಳೊಡನೆಯೂ ಅಳತೆಮಾಡಿ ಹೋಲಿಸತಕ್ಕದ್ದು. ಅದಕ್ಕೂ ಮೊದಲು ಜೀರ್ಣೋದ್ಧಾರದ ಹೆಸರಿನಲ್ಲಿ ಸಂಧಿಗಳಿಗೆ ಸಿಮೆಂಟು ಮೆತ್ತದಂತೆ ನೋಡಿಕೊಳ್ಳಬೇಕು. ಮೆತ್ತಿದ ಮೇಲೆ ಕಲ್ಲುಗಳನ್ನು ಕೂಡಿಸಿದ ರೀತಿಯನ್ನು ಯಾವ ಪರೀಕ್ಷಕನೂ ಓದಲಾರನು.